ಟೋಪಿ ಹಾಕಿಸಿಕೊಂಡ ರಾಕ್ಷಸರು

ಸುಬ್ಬಣ್ಣನ ಜಗಲಿಯ ಮೇಲೆ ಮಿಕ್ಸಿ ಹೊಟ್ಟೆ ಬಿಚ್ಚಿಕೊಂಡು ಅಂಗಾತ ಮಲಗಿತ್ತು. ಅದರ ಕೆಳಗೆ ನಿನ್ನೆಯ ಪತ್ರಿಕೆ, ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳ, ಮುಚ್ಚಳದಲ್ಲಿ 9 ಸ್ಕ್ರೂ. ಸುಬ್ಬಣ್ಣ ನಿವೃತ್ತ ಭೌತಶಾಸ್ತ್ರದ ಮೇಷ್ಟರು. ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಮರೆತುಹೋದ ಇನ್ನೊಂದು.

"ಕೆಟ್ಟಿರುವುದು ದೊಡ್ಡ ವಿಷಯವಲ್ಲ, ಇದರ ವಿನ್ಯಾಸವೇ ತಪ್ಪು! ನಾನಾಗಿದ್ದರೆ ಈ ಮೋಟಾರಿನ ವೇಗವನ್ನು ಎರಡು ಪಟ್ಟು ಮಾಡಿ, ಪಕ್ಕಕ್ಕೆ ತೆಂಗಿನಕಾಯಿ ತುರಿಯುವ ಒಂದು ತೋಳನ್ನೂ ಜೋಡಿಸಿ, ಈ ಬೀದಿಯ ಎಲ್ಲ ಅಡುಗೆಮನೆಗಳನ್ನೂ..."

"ಮಾವ, ನಿಮ್ಮ ಅಕ್ಷರ ದಪ್ಪವಾಯಿತು" ಎಂದಳು ವೀಣಾ.

ನಾನೂ ರಾಘವೇಂದ್ರನೂ ನಕ್ಕೆವು. ಸುಬ್ಬಣ್ಣನಿಗೆ ಅರ್ಥವಾಗಲಿಲ್ಲ. ಅವನೊಬ್ಬನೇ ‘ಗರ್ಲ್ ಜೀನಿಯಸ್’ ಓದದವನು. ಆ ಚಿತ್ರಕಥೆಯಲ್ಲಿ ಹುಚ್ಚು ವಿಜ್ಞಾನಿಗಳಿಗೆ ‘ಸ್ಪಾರ್ಕ್’ ಎಂದು ಹೆಸರು. ಆವೇಶ ಬಂದಾಗ ಅವರ ಮಾತಿನ ಅಕ್ಷರಗಳೇ ಬೇರೆಯಾಗುತ್ತವೆ. ಓದುಗನಿಗೆ ವಿವರಣೆ ಬೇಕಾಗಿಲ್ಲ. ಅಕ್ಷರ ಉಬ್ಬಿತೆಂದರೆ ಮುಂದಿನ ಪುಟದಲ್ಲಿ ಏನೋ ಸಿಡಿಯುತ್ತದೆ ಎಂದೇ ಲೆಕ್ಕ.

"ಹಾಗಾದರೆ ಅವರಿಗೆ ದೇವರು ಬರುವುದೂ ಅಚ್ಚಿನಲ್ಲೇ" ಎಂದ ಸುಬ್ಬಣ್ಣ, ಸ್ಕ್ರೂಡ್ರೈವರ್ ಕೆಳಗಿಡದೆ. "ಬರೆದವರು ಯಾರು?"

ಅಮೆರಿಕದ ದಂಪತಿ, ಫಿಲ್ ಮತ್ತು ಕಾಯಾ ಫೋಲಿಯೊ, ಎಂದು ವೀಣಾ ಹೇಳಿದಳು. 2001ರಲ್ಲಿ ಅಚ್ಚಿನ ಪುಸ್ತಕವಾಗಿ ಶುರುವಾಯಿತು. 2005ರ ಏಪ್ರಿಲ್‌ನಿಂದ ಅಂತರ್ಜಾಲದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಪುಟ. ವೈಜ್ಞಾನಿಕ ಕಲ್ಪನಾ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿಯಲ್ಲಿ ಚಿತ್ರಕಥೆಗೆಂದು ಹೊಸ ವಿಭಾಗ ತೆರೆದಾಗ 2009, 2010, 2011 ಮೂರೂ ವರ್ಷ ಇವರಿಗೇ ಬಂತು. ನಾಲ್ಕನೆಯ ವರ್ಷ ತಾವೇ ಸ್ಪರ್ಧೆಯಿಂದ ಹಿಂದೆ ಸರಿದರು.

"ಬೇರೆಯವರೂ ಉಣ್ಣಲಿ ಎಂದು ಎಲೆಯಿಂದ ಎದ್ದರು. ಒಳ್ಳೆಯ ಮನೆತನ" ಎಂದ ಸುಬ್ಬಣ್ಣ.

ರಾಘವೇಂದ್ರನ ತಕರಾರು ಬೇರೆಯೇ ಇತ್ತು. "ವಾರಕ್ಕೆ ಮೂರು ಪುಟವೆಂದರೆ ವರ್ಷಕ್ಕೆ ಸುಮಾರು 150. ನಾಯಕಿ ಅಗಾಥಾ ತನ್ನ ಪೂರ್ವಜರ ಕೋಟೆಯನ್ನು ರಿಪೇರಿ ಮಾಡಲು ಒಳಗೆ ಹೋದಾಗ ನನ್ನ ಮಗ ಮೂರನೆಯ ತರಗತಿ. ಅವಳು ಹೊರಗೆ ಬರುವಷ್ಟರಲ್ಲಿ ಅವನಿಗೆ ಮೀಸೆಯ ನೆರಳು ಬಂದಿತ್ತು. ಕಥೆಯೊಳಗೆ ಕಳೆದದ್ದು ಕೆಲವೇ ದಿನ! ನಮ್ಮ ಬೀದಿಯ ಒಳಚರಂಡಿ ಕೆಲಸವೇ ಇದಕ್ಕಿಂತ ಬೇಗ ಮುಗಿಯಿತು."

"ಒಳಚರಂಡಿ ಮಾತನಾಡುವುದಿಲ್ಲವಲ್ಲ, ರಾಘು ಅಂಕಲ್" ಎಂದಳು ವೀಣಾ. ಆ ಕೋಟೆ ಮಾತನಾಡುತ್ತದೆ. ಒಳಗೆ ಬಂದವರನ್ನು ಚೂರು ಚೂರಾಗಿ ಕತ್ತರಿಸುವ ಮೊದಲು ಒಂದೆರಡು ಹಾಸ್ಯವನ್ನೂ ಆಡುತ್ತದೆ. ನನಗಂತೂ ಇಡೀ ಕಥೆಯಲ್ಲಿ ಅತ್ಯಂತ ಸಹಜವಾಗಿ ಕಾಣುವ ಪಾತ್ರ ಅದೇ. ಹಳೆಯ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತು, ಹೊಸಬರು ಕಾಲಿಟ್ಟರೆ ಮನೆ ಹೇಗೆ ಗೊಣಗುತ್ತದೆ ಎಂದು.

ಈ ಬಗೆಯ ಕಥೆಗೆ ‘ಗ್ಯಾಸ್‌ಲ್ಯಾಂಪ್ ಫ್ಯಾಂಟಸಿ’ ಎಂದು ಹೆಸರಿಟ್ಟವಳು ಕಾಯಾ ಫೋಲಿಯೊ. ಆಗ ಚಾಲ್ತಿಯಲ್ಲಿದ್ದ ಹೆಸರು ‘ಸ್ಟೀಮ್‌ಪಂಕ್’. ತಮ್ಮ ಕಥೆಯಲ್ಲಿ ಹಬೆಯ ಯಂತ್ರಗಳಷ್ಟೇ ಅಲ್ಲದೆ ರಾಕ್ಷಸರು, ಮಾತನಾಡುವ ಬೆಕ್ಕು, ಹೊಲಿದು ಜೀವ ಕೊಟ್ಟ ಮನುಷ್ಯರು ಎಲ್ಲ ಇರುವುದರಿಂದ ಆ ಅಂಗಿ ಹಿಡಿಸುವುದಿಲ್ಲ ಎಂದು ಬೇರೆ ಹೊಲಿಸಿದರು.

"ಗ್ಯಾಸ್ ಲೈಟ್ ಎಂದರೆ ನಮ್ಮ ಮದುವೆ ದಿಬ್ಬಣದ ಲೈಟು ತಾನೇ?" ಎಂದ ರಾಘವೇಂದ್ರ.

ಅಲ್ಲ. ನಾವು ಗ್ಯಾಸ್ ಲೈಟ್ ಎಂದು ತಲೆಯ ಮೇಲೆ ಹೊರಿಸಿಕೊಂಡು ಮೆರೆಸಿದ್ದರಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆ. ಹೆಸರಿನಲ್ಲಿ ಮಾತ್ರ ಗ್ಯಾಸು. ಅವರದು ಕಲ್ಲಿದ್ದಲಿನಿಂದ ತೆಗೆದ ಅನಿಲ, ಕೊಳವೆಯಲ್ಲಿ ಬರುವಂಥದ್ದು. 1807ರಲ್ಲಿ ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ ಹಚ್ಚಿ ತೋರಿಸಿದರು. ಅರ್ಧ ಬೆಳಕು, ಅರ್ಧ ಮಬ್ಬು. ಹುಚ್ಚು ವಿಜ್ಞಾನಿಗೆ ಹೇಳಿ ಮಾಡಿಸಿದ ಹವೆ.

ಈ ಮಾತು ಬಂದದ್ದೇ ತಡ, ಸುಬ್ಬಣ್ಣನ ಒಳಗಿನ ಮೇಷ್ಟರು ಎದ್ದು ಕುಳಿತರು. "ಆ ಕಾಲದಲ್ಲಿ ಹುಚ್ಚೇನು ಕಲ್ಪನೆಯಲ್ಲ. ಇಟಲಿಯ ವಿಜ್ಞಾನಿ ಗಾಲ್ವಾನಿ ಕಪ್ಪೆಯ ಕಾಲಿಗೆ ವಿದ್ಯುತ್ ಮುಟ್ಟಿಸಿ ಕುಣಿಸಿದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನೊಬ್ಬನ ಶವಕ್ಕೇ ಮುಟ್ಟಿಸಿದ. ಶವದ ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಹದಿನೈದು ವರ್ಷದ ಮೇಲೆ ಮೇರಿ ಶೆಲ್ಲಿಯ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ ಅಚ್ಚಾಯಿತು. ಅದರಲ್ಲಿ ರಾಕ್ಷಸನಿಗೆ ಜೀವ ಕೊಡುವ ಫ್ರಾಂಕೆನ್‌ಸ್ಟೈನ್ ಡಾಕ್ಟರ್ ಅಲ್ಲ, ತಿಳಿದಿರಲಿ. ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಪ್ರಯೋಗಾಲಯಕ್ಕೆ ಮೇಲ್ವಿಚಾರಕರಿಲ್ಲದಿದ್ದರೆ ಆಗುವುದೇ ಇದು."

"ಗೂನು ಬೆನ್ನಿನ ಸಹಾಯಕ ಈಗೋರ್?" ಎಂದು ನಾನು ಕೇಳಿದೆ, ಉತ್ತರ ಗೊತ್ತಿದ್ದೂ. ಕಾದಂಬರಿಯಲ್ಲಿ ಅಂಥ ಸಹಾಯಕನೇ ಇಲ್ಲ. 1931ರ ಸಿನಿಮಾದಲ್ಲಿ ಗೂನು ಬೆನ್ನಿನವನಿದ್ದಾನೆ, ಅವನ ಹೆಸರು ಫ್ರಿಟ್ಸ್. ಈಗೋರ್ ಕಾಣಿಸಿಕೊಂಡದ್ದು 1939ರಲ್ಲಿ, ಅವನಿಗೆ ಇದ್ದದ್ದು ಗೂನಲ್ಲ, ಗಲ್ಲಿಗೆ ಹಾಕಿದರೂ ಸಾಯದೆ ಸೊಟ್ಟಗಾದ ಕತ್ತು. ಇಬ್ಬರನ್ನೂ ಅರೆದು ಒಂದೇ ಚಟ್ನಿ ಮಾಡಿದವರು ನಾವು, ನೋಡುಗರು.

ಈ ಚಟ್ನಿಯನ್ನು ಗರ್ಲ್ ಜೀನಿಯಸ್ ಬಡಿಸುವ ರೀತಿಯೇ ನನಗೆ ಇಷ್ಟ. ಆ ಲೋಕದಲ್ಲಿ ಎಲ್ಲರಿಗೂ ಕಥೆಯ ಕಟ್ಟುಪಾಡುಗಳು ಬಾಯಿಪಾಠ. ಸಹಾಯಕನಾಗುವುದು ಒಂದು ಉದ್ಯೋಗ, ಅದಕ್ಕೊಂದು ನಡಾವಳಿ. ಊರಿನವರಿಗೆ ಯಾವ ಶಬ್ದ ಬಂದರೆ ಓಡಬೇಕು, ಯಾವುದಕ್ಕೆ ಕಿಟಕಿ ಮುಚ್ಚಿದರೆ ಸಾಕು ಎಂಬುದು ಗೊತ್ತು. ಓಥರ್ ಎಂಬವನಂತೂ ತಾನೇ ಕಥಾನಾಯಕನೆಂದು ನಂಬಿ ಎದೆ ಉಬ್ಬಿಸಿಕೊಂಡೇ ತಿರುಗುತ್ತಾನೆ. ಲೋಕದ ಎಲ್ಲ ಸ್ಪಾರ್ಕ್‌ಗಳನ್ನೂ ಕೊಂದು ಕೊನೆಗೆ ತಾನೂ ಸಾಯುವುದು ಅವನ ವ್ರತ, ಏಕೆಂದರೆ ಅವನೂ ಒಬ್ಬ ಸ್ಪಾರ್ಕ್. ಅವನನ್ನು ಆಕಾಶನೌಕೆಯ ಕಿಟಕಿಯಿಂದ ಹೊರಗೆ ದಬ್ಬುತ್ತಾರೆ, ಅವನು ಸಾಯುವುದಿಲ್ಲ. ಆ ಕಥೆಯಲ್ಲಿ ಹೆಣ ಕಂಡ ಮೇಲೂ ತಿಥಿಗೆ ಅಡುಗೆಯವರನ್ನು ಗೊತ್ತು ಮಾಡಬಾರದು.

"ಖಳನಾಯಕ ಯಾರು?"

"ಅದೇ ಕಷ್ಟ" ಎಂದ ರಾಘವೇಂದ್ರ. "ಬ್ಯಾರನ್ ಕ್ಲಾಸ್ ವುಲ್ಫೆನ್‌ಬಾಕ್ ಎಂಬವನು ಇಡೀ ಯುರೋಪನ್ನು ಆಕಾಶನೌಕೆಯಲ್ಲಿ ಕುಳಿತು ಆಳುತ್ತಾನೆ. ನಾಯಕಿಯನ್ನು ಅಟ್ಟಿಸಿಕೊಂಡು ಬರುವವನೂ ಅವನೇ. ಆದರೆ ಅವನು ಬಯಸುವುದು ಹುಚ್ಚರು ಹೊಡೆದಾಡದೆ ಸುಮ್ಮನಿರಲಿ ಎಂದು. ಅವನ ರಾಜನೀತಿಯೆಲ್ಲ ಒಂದೇ ಮಾತು: ನಾನು ಅಲ್ಲಿಗೆ ಎದ್ದು ಬರುವ ಹಾಗೆ ಮಾಡಬೇಡಿ."

"ನಮ್ಮ ಅಪ್ಪನೂ ಊಟದ ಮನೆಯಿಂದ ಅದನ್ನೇ ಹೇಳುತ್ತಿದ್ದರು" ಎಂದ ಸುಬ್ಬಣ್ಣ. "ರಾಘು, ಆ ಕೆಂಪು ಗುಂಡಿಯನ್ನು ಮುಟ್ಟಬೇಡ. ನಾನಿನ್ನೂ ಅಲ್ಲಿಗೆ ಬಂದಿಲ್ಲ."

ರಾಘವೇಂದ್ರ ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಹುಚ್ಚು ವಿಜ್ಞಾನದ ಕಥೆಗಳನ್ನು ಓದಿದವನು ಕೆಂಪು ಗುಂಡಿಗೆ ಹೆದರಲೇಬೇಕು.

ಆಮೇಲೆ ಲಾಕೆಟ್ಟಿನ ಪ್ರಸ್ತಾಪ ಬಂತು. ನಮ್ಮ ಹಳೆಯ ಸಿನಿಮಾಗಳಲ್ಲಿ ಕುತ್ತಿಗೆಯ ಲಾಕೆಟ್ಟು ಇರುವುದು ಕೊನೆಯ ರೀಲಿನಲ್ಲಿ ತಾಯಿ ಮಕ್ಕಳನ್ನು ಒಂದು ಮಾಡಲು. ಅಗಾಥಾಳ ಲಾಕೆಟ್ಟಿನಲ್ಲೂ ತಂದೆತಾಯಿಯ ಚಿತ್ರವಿದೆ. ಆದರೆ ಚಿಕ್ಕಪ್ಪ ಅದನ್ನು ಕಟ್ಟಿದ್ದು ಅವಳ ಬುದ್ಧಿಯನ್ನು ಮಂಕು ಮಾಡಲು. ಸ್ಪಾರ್ಕ್ ಹೊತ್ತಿಕೊಂಡರೆ ಮಗುವಿನ ಪ್ರಾಣಕ್ಕೆ ಅಪಾಯ, ಅವಳು ಯಾರ ಮಗಳೆಂಬ ಗುಟ್ಟೂ ರಟ್ಟು. ಹಾಗಾಗಿ ವಿಶ್ವವಿದ್ಯಾಲಯದಲ್ಲಿ ಏನು ಮಾಡಿದರೂ ಕೆಡಿಸುವ, ತಲೆನೋವಿನ ಪೆದ್ದಿಯೆಂದು ಅವಳಿಗೆ ಹೆಸರು. ಕಥೆಯ ಆರಂಭದಲ್ಲೇ ಇಬ್ಬರು ಸಿಪಾಯಿಗಳು ಅದನ್ನು ಕಿತ್ತುಕೊಂಡು ಓಡುತ್ತಾರೆ. ಆ ರಾತ್ರಿ ಅವಳು ನಿದ್ದೆಗಣ್ಣಿನಲ್ಲೇ ಯಂತ್ರ ಕಟ್ಟುತ್ತಾಳೆ.

"ಕಳ್ಳತನದಿಂದ ಕಥೆಗೂ ಹುಡುಗಿಗೂ ಒಳ್ಳೆಯದಾಯಿತು" ಎಂದೆ.

"ಆ ಯಂತ್ರ ಕಟ್ಟಿದವನು ಸಿಪಾಯಿ ಮೊಲೊಕ್ ಎಂದು ಬ್ಯಾರನ್ ತಪ್ಪು ತಿಳಿದು ಅವನನ್ನೂ ಹಿಡಿದೊಯ್ಯುತ್ತಾನೆ. ಪಾಪ, ಅವನು ಬರಿಯ ಮೆಕ್ಯಾನಿಕ್" ಎಂದಳು ವೀಣಾ. "ಆ ಕಥೆಯಲ್ಲಿ ತಲೆ ನೆಟ್ಟಗಿರುವವನು ಅವನೊಬ್ಬನೇ. ಅದಕ್ಕೇ ಎಲ್ಲ ಹುಚ್ಚರಿಗೂ ಅವನು ಬೇಕು."

ನನಗೆ ಮರೆಯಲಾಗದ ಭಾಗ ನಾಟಕ ಕಂಪನಿಯದು. ಅಗಾಥಾಳ ತಂದೆ ಬಿಲ್, ಚಿಕ್ಕಪ್ಪ ಬ್ಯಾರಿ, ಈ ಹೆಟೆರೊಡೈನ್ ಸಹೋದರರ ಸಾಹಸಗಳನ್ನು ಊರೂರು ಸುತ್ತುವ ಕಂಪನಿಗಳು ಆಡುತ್ತವೆ. ನಿಜದ ರಕ್ತ ಸೋಸಿ, ಶೃಂಗಾರ ಬೆರೆಸಿ, ಜನ ಶಿಳ್ಳೆ ಹೊಡೆಯುವಂತೆ. ಬ್ಯಾರನ್‌ನಿಂದ ತಪ್ಪಿಸಿಕೊಂಡ ಅಗಾಥಾ ಅಂಥದೊಂದು ಕಂಪನಿ ಸೇರುತ್ತಾಳೆ. ಅಲ್ಲಿ ಹುಚ್ಚು ವಿಜ್ಞಾನಿಯ ವೇಷ ಹಾಕುವ ಕೆಲವರು ನಿಜವಾಗಿಯೂ ಸ್ಪಾರ್ಕ್‌ಗಳು. ಬಚ್ಚಿಟ್ಟುಕೊಳ್ಳಲು ರಂಗಕ್ಕಿಂತ ಒಳ್ಳೆಯ ಜಾಗವುಂಟೇ? ಅಗಾಥಾಳಿಗೆ ಸಿಕ್ಕ ಪಾತ್ರ ಲುಕ್ರೇಝಿಯಾ. ಅಂದರೆ ಅವಳ ಸ್ವಂತ ತಾಯಿ. ಮುಂದೆ ಆ ತಾಯಿಯ ಮನಸ್ಸನ್ನೇ ಅವಳ ತಲೆಯೊಳಗೆ ಇಳಿಸುತ್ತಾರೆ. ಬಣ್ಣ ತೊಳೆದಳು, ವೇಷ ಒಳಗೇ ಉಳಿಯಿತು. ನಗಿಸುತ್ತ ನಗಿಸುತ್ತ ಕೈಹಿಡಿದು ಕರೆದೊಯ್ದವರು ಅಲ್ಲಿ ಒಮ್ಮೆ ಕೈ ಬಿಡುತ್ತಾರೆ. ನಾನು ಆ ಪುಟಗಳನ್ನು ರಾತ್ರಿ ಓದಿ, ಎದ್ದು ಅಡುಗೆಮನೆಯ ದೀಪ ಹಾಕಿ ಬಂದು ಮಲಗಿದ್ದೆ. ಇದನ್ನು ಇವರಿಗೆ ಹೇಳಲಿಲ್ಲ.

"ರಾಕ್ಷಸರು ಎಂದಿರಿ. ಅವರು ಎಲ್ಲಿ?" ಸುಬ್ಬಣ್ಣ ಈಗ ಜೋಡಿಸುತ್ತಿದ್ದ.

"ಯೇಗರ್‌ಗಳು" ಎಂದಳು ವೀಣಾ, ಮುಖ ಅರಳಿಸಿ. ಹೆಟೆರೊಡೈನ್ ಮನೆತನದ ಸೈನಿಕರು. ಕೋರೆಹಲ್ಲು, ಉಗುರು, ಎಳೆದೆಳೆದು ಆಡುವ ಜರ್ಮನ್ ರಾಗದ ಮಾತು. ಶತಮಾನಗಳಿಂದ ಊರುಗಳನ್ನು ನಡುಗಿಸಿದವರು. ಅವರಿಗೆ ರಾಜ್ಯ ಬೇಡ, ಚಿನ್ನ ಬೇಡ, ಟೋಪಿ ಬೇಕು. ಒಳ್ಳೆಯ ಟೋಪಿ. ಟೋಪಿ ಕಳೆದುಕೊಳ್ಳುವಂತಾದರೆ ಆ ಯುದ್ಧತಂತ್ರವೇ ಸರಿಯಿಲ್ಲ ಎಂಬುದು ಅವರ ಸಿದ್ಧಾಂತ.

"ಟೋಪಿ ಹಾಕಿಸಿಕೊಂಡು ಖುಷಿಪಡುವವರು ಲೋಕದಲ್ಲಿ ಅವರೊಬ್ಬರೇ ಇರಬೇಕು" ಎಂದೆ.

"ನಾನಿಲ್ಲವೇ?" ಎಂದ ರಾಘವೇಂದ್ರ. "ಸೋಮವಾರದ ಪುಟದಲ್ಲಿ ಬಾಗಿಲು ತಟ್ಟುವ ಸದ್ದು. ಬುಧವಾರ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ. ಶುಕ್ರವಾರ ಒಬ್ಬ ಯೇಗರ್ ಟೋಪಿ ಸರಿಮಾಡಿಕೊಳ್ಳುತ್ತಾನೆ. ಮುಂದಿನ ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನಾನು ಮೊಬೈಲ್ ತೆಗೆಯುತ್ತೇನೆ."

ಸುಬ್ಬಣ್ಣ ಎದ್ದು ನಿಂತ. ಮಿಕ್ಸಿ ನೆಟ್ಟಗೆ ನಿಂತಿತ್ತು. ಮುಚ್ಚಳದಲ್ಲಿ ಇನ್ನೂ 2 ಸ್ಕ್ರೂ ಇದ್ದವು. "ಅವು ಕಾರ್ಖಾನೆಯವರು ಸುಮ್ಮನೆ ಹಾಕಿದ್ದು" ಎಂದು ಪ್ಲಗ್ ಚುಚ್ಚಿ ಗುಬ್ಬಿ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ರಾಘವೇಂದ್ರ ಮಾತ್ರ ಮುನ್ನೆಚ್ಚರಿಕೆಯಾಗಿ ಮೆಟ್ಟಿಲಿನವರೆಗೆ ಹೋಗಿದ್ದ.

ಕಮಲಮ್ಮ ಒಳಗಿನಿಂದ ಜಾರು ಹಿಡಿದುಕೊಂಡು ಬಂದರು. ಪ್ಲಗ್ ಕಿತ್ತು, ಮಿಕ್ಸಿಯನ್ನು ಒಂದು ಕಡೆಗೆ ವಾಲಿಸಿ, ತಳದ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಟಕ್ ಎಂದಿತು. ಮತ್ತೆ ಪ್ಲಗ್ ಹಾಕಿ ತಿರುಗಿಸಿದರೆ ಬೀದಿಗೆಲ್ಲ ಕೇಳುವಂತೆ ಮೊರೆಯಿತು.

"ಜಾಸ್ತಿ ಕಾಯಿ ತುಂಬಿದರೆ ತಾನೇ ನಿಂತುಬಿಡುತ್ತದೆ. ಬೆಳಿಗ್ಗೆಯೇ ಹೇಳೋಣವೆಂದರೆ ನೀವು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ" ಎಂದರು.

"ನೋಡಿದಿರಾ!" ಸುಬ್ಬಣ್ಣ ಎರಡೂ ಕೈ ಮೇಲೆತ್ತಿದ. "ಮೊದಲಿಗಿಂತ ಎಷ್ಟು ವೇಗ! ಈಗ ಆ ತೋಳೊಂದನ್ನು ಜೋಡಿಸಿದರೆ..."

"ಅತ್ತೆ, ನೀವೇ ಮೊಲೊಕ್" ಎಂದಳು ವೀಣಾ.

"ಯಾರಾದರೂ ಆಗುತ್ತೇನೆ. ಆ ಎರಡು ಸ್ಕ್ರೂ ಇಲ್ಲಿ ಕೊಡಿ, ಬೀಸುವಾಗ ತಳ ಅಲ್ಲಾಡುತ್ತಿದೆ" ಎಂದು ಕಮಲಮ್ಮ ಕೈ ಚಾಚಿದರು.