ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯ ಬದುಕುವುದು ಹೇಗೆ? ಸೂಕ್ಷ್ಮಜೀವಿ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾಸನ): ನಮಸ್ಕಾರ. ಜಠರದಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲವು ಆಹಾರದೊಂದಿಗೆ ಒಳಹೊಕ್ಕ ರೋಗಾಣುಗಳನ್ನು ಕೊಲ್ಲುತ್ತದೆ ಎಂದು ನಾನು ಪ್ರತಿ ವರ್ಷವೂ ಪಾಠ ಮಾಡುತ್ತೇನೆ. ಈ ಸಲ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ತನ್ನ ತಂದೆಗೆ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲೇ ಬ್ಯಾಕ್ಟೀರಿಯ ಇರುವುದು ಗೊತ್ತಾಯಿತು, ಆಮ್ಲ ಅದನ್ನು ಏಕೆ ಕೊಲ್ಲಲಿಲ್ಲ ಎಂದು ಕೇಳಿದಳು. ಅದಕ್ಕೆ ಆಮ್ಲವನ್ನು ತಡೆಯುವ ಗಟ್ಟಿ ಕವಚ ಇರಬಹುದೆಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ನಿಜವಾದ ಕಾರಣವನ್ನು ವಿವರಿಸುವಿರಾ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅವಳ ತಂದೆಯವರಲ್ಲಿ ಕಂಡುಬಂದದ್ದು ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯ ಇರಬೇಕು. ಅದಕ್ಕೆ ಗಟ್ಟಿ ಕವಚವೇನೂ ಇಲ್ಲ. ಅದು ಆಮ್ಲಪ್ರಿಯ ಜೀವಿಯೂ ಅಲ್ಲ. ಬಿಸಿನೀರಿನ ಬುಗ್ಗೆಗಳಲ್ಲಿ ತೀವ್ರ ಆಮ್ಲದಲ್ಲೇ ಹುಟ್ಟಿ ಬೆಳೆಯುವ ಸೂಕ್ಷ್ಮಜೀವಿಗಳ ಸಾಲಿಗೆ ಅದನ್ನು ಸೇರಿಸುವಂತಿಲ್ಲ. ಪ್ರಯೋಗಾಲಯದಲ್ಲಿ ಅದು ಚೆನ್ನಾಗಿ ಬೆಳೆಯುವುದು ತಟಸ್ಥಕ್ಕೆ ಹತ್ತಿರದ ಪಿಎಚ್‌ನಲ್ಲಿ, ಅಂದರೆ ಆಮ್ಲೀಯತೆಯ ಈ ಅಳತೆ 6ರಿಂದ 8ರ ಆಸುಪಾಸಿನಲ್ಲಿದ್ದಾಗ. ಹಸಿದ ಜಠರದ ಪಿಎಚ್ 1ರಿಂದ 2. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನೆದರೆ, 7ಕ್ಕೂ 2ಕ್ಕೂ ನಡುವೆ ಒಂದು ಲಕ್ಷ ಪಟ್ಟಿನ ಅಂತರವಿದೆ. ಆಮ್ಲೀಯತೆಗೆ ಕಾರಣವಾದ ಇಷ್ಟು ಪ್ರೋಟಾನ್‌ಗಳು ಕೋಶದೊಳಕ್ಕೆ ನುಗ್ಗಿದರೆ ಪ್ರೋಟೀನುಗಳ ಮಡಿಕೆ ಬಿಚ್ಚಿಹೋಗುತ್ತದೆ, ಡಿಎನ್ಎ ಹಾನಿಗೊಳ್ಳುತ್ತದೆ, ಶಕ್ತಿ ಉತ್ಪಾದನೆಯೇ ಏರುಪೇರಾಗುತ್ತದೆ. ಹಾಗಾಗಿ ಈ ಬ್ಯಾಕ್ಟೀರಿಯ ಆಮ್ಲವನ್ನು ಸಹಿಸಿಕೊಂಡು ಕೂರುವ ಬದಲು, ಆಮ್ಲ ತನ್ನನ್ನು ಮುಟ್ಟುವ ಮೊದಲೇ ತನ್ನ ಮೈಸುತ್ತ ಅದನ್ನು ಶಮನಗೊಳಿಸುತ್ತದೆ.

ಅದಕ್ಕೆ ಬೇಕಾದ ಕಚ್ಚಾವಸ್ತುವನ್ನು ಒದಗಿಸುವವರು ನಾವೇ. ಪ್ರೋಟೀನು ಕರಗಿದಾಗ ಉಂಟಾಗುವ ಅಮೋನಿಯವನ್ನು ನಮ್ಮ ಯಕೃತ್ತು ಯೂರಿಯವಾಗಿ ಪರಿವರ್ತಿಸಿ ರಕ್ತಕ್ಕೆ ಬಿಡುತ್ತದೆ, ಅದರಲ್ಲಿ ಸ್ವಲ್ಪ ಭಾಗ ಜಠರರಸಕ್ಕೂ ಜಿನುಗುತ್ತದೆ. ನಮಗೆ ಮೂತ್ರದಲ್ಲಿ ಹೊರಹಾಕಬೇಕಾದ ಕಸವಾದ ಈ ಯೂರಿಯವೇ ಬ್ಯಾಕ್ಟೀರಿಯಕ್ಕೆ ಜೀವದಾನ. ಯೂರಿಯೇಸ್ ಎಂಬ ಕಿಣ್ವದಿಂದ ಅದು ಒಂದು ಯೂರಿಯ ಅಣುವನ್ನು ಒಡೆದು ಎರಡು ಅಮೋನಿಯ ಮತ್ತು ಒಂದು ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ಪಡೆಯುತ್ತದೆ. ಅಮೋನಿಯ ಎದುರಾದ ಪ್ರೋಟಾನನ್ನು ಹಿಡಿದು ಅಮೋನಿಯಂ ಆಗುತ್ತದೆ. ಕಾರ್ಬನ್ ಡೈಆಕ್ಸೈಡನ್ನು ಇನ್ನೊಂದು ಕಿಣ್ವ ಬೈಕಾರ್ಬೊನೇಟ್ ಆಗಿಸುತ್ತದೆ, ಅದೂ ಪ್ರೋಟಾನುಗಳನ್ನು ಹೀರಿಕೊಳ್ಳುತ್ತದೆ. ಇವೆರಡರ ಕೆಲಸ ಮುಖ್ಯವಾಗಿ ನಡೆಯುವುದು ಕೋಶದ ಒಳಪೊರೆ ಮತ್ತು ಹೊರಪೊರೆಗಳ ನಡುವಿನ ಕಿರಿದಾದ ಜಾಗದಲ್ಲಿ. ಹೊರಗೆ ಆಮ್ಲ ಕುದಿಯುತ್ತಿದ್ದರೂ ಅಲ್ಲಿನ ಪಿಎಚ್ ಸುಮಾರು 6ರ ಬಳಿ ನಿಲ್ಲುತ್ತದೆ. ಈ ಕಿಣ್ವಕ್ಕಾಗಿ ಬ್ಯಾಕ್ಟೀರಿಯ ಮಾಡುವ ಖರ್ಚನ್ನು ನೋಡಿ: ಅದರ ಒಟ್ಟು ಪ್ರೋಟೀನಿನಲ್ಲಿ ಶೇಕಡ 10ರವರೆಗೆ ಯೂರಿಯೇಸ್ ಒಂದೇ ಇರುತ್ತದೆ, ಮತ್ತು ಪ್ರತಿ ಕಿಣ್ವಗುಚ್ಛಕ್ಕೂ 24 ನಿಕಲ್ ಅಯಾನುಗಳು ಬೇಕು.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಭಾಗವೆಂದರೆ ಅದರ ಬಾಗಿಲು. ಊಟದ ನಂತರ ಜಠರದ ಆಮ್ಲೀಯತೆ ತಗ್ಗಿದಾಗಲೂ ಯೂರಿಯ ಒಡೆಯುತ್ತಲೇ ಇದ್ದರೆ ಅಮೋನಿಯ ಹೆಚ್ಚಿ, ಕ್ಷಾರದಿಂದಲೇ ಬ್ಯಾಕ್ಟೀರಿಯ ಸಾಯಬೇಕಾಗುತ್ತದೆ. ಆದ್ದರಿಂದ ಒಳಪೊರೆಯಲ್ಲಿ ಯೂರಿಯಕ್ಕೆಂದೇ ಒಂದು ಕಾಲುವೆ ಇದೆ. ಯುಆರ್‌ಇ-ಐ ಎಂಬ ಈ ಪ್ರೋಟೀನು ಹೊರಗಿನ ಪಿಎಚ್ 7 ಇದ್ದಾಗ ಮುಚ್ಚಿಕೊಂಡಿರುತ್ತದೆ, 6ಕ್ಕಿಂತ ಕೆಳಗಿಳಿದಂತೆ ತೆರೆದುಕೊಂಡು ಯೂರಿಯವನ್ನು ಒಳಗೆ ಬಿಡುತ್ತದೆ. ನಮ್ಮ ಕಡೆಯ ಕೆರೆಗಳ ತೂಬನ್ನು ನೀರು ಬೇಕಾದಾಗ ಎತ್ತಿ, ಸಾಕಾದಾಗ ಇಳಿಸುವ ಹಾಗೆ. ಇಲ್ಲಿ ತೂಬನ್ನು ಎತ್ತುವುದು ಸ್ವತಃ ಆಮ್ಲವೇ. ಈ ಕಾಲುವೆಯ ಜೀನನ್ನು ತೆಗೆದುಹಾಕಿದ ತಳಿಗಳು ಪ್ರಯೋಗಪ್ರಾಣಿಗಳ ಜಠರದಲ್ಲಿ ನೆಲೆಯೂರಲು ಸೋತಿವೆ.

ತರಗತಿಯಲ್ಲಿ ಇದನ್ನು ತೋರಿಸಲು ಒಂದು ದಾರಿಯಿದೆ. ಹಸಿ ಹುರುಳಿಕಾಳಿನಲ್ಲಿಯೂ ಕಲ್ಲಂಗಡಿ ಬೀಜದಲ್ಲಿಯೂ ಯೂರಿಯೇಸ್ ಇದೆ. ಹುರಿಯದ ಕಾಳನ್ನು ನೆನೆಸಿ ಅರೆದು, ಸೋಸಿದ ನೀರಿಗೆ ಚಿಟಿಕೆ ಯೂರಿಯ ಗೊಬ್ಬರ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಕೆಂಪು ಲಿಟ್ಮಸ್ ನೀಲಿಗೆ ತಿರುಗುತ್ತದೆ. ಇನ್ನೊಂದು ಲೋಟದಲ್ಲಿ ಕಾಳಿನ ನೀರನ್ನು ಕುದಿಸಿ ಆರಿಸಿ ಇದನ್ನೇ ಮಾಡಿದರೆ ಬಣ್ಣ ಬದಲಾಗುವುದಿಲ್ಲ, ಏಕೆಂದರೆ ಕಿಣ್ವ ಕೆಟ್ಟಿರುತ್ತದೆ.

ಪ್ರಶ್ನೆ (ಗುಂಪಿನ ಸದಸ್ಯರು, ಬೆಂಗಳೂರು): ನಮ್ಮ ಜಠರ ದಿನಕ್ಕೆ ಲೀಟರುಗಟ್ಟಲೆ ರಸ ಸುರಿಸುತ್ತದೆ ಎಂದು ಓದಿದ್ದೇನೆ. ಅಷ್ಟೊಂದು ಆಮ್ಲವನ್ನು ಇಷ್ಟು ಸಣ್ಣ ಜೀವಿಗಳು ತಟಸ್ಥಗೊಳಿಸುವುದಾದರೂ ಹೇಗೆ?

ಉತ್ತರ: ಅವು ಇಡೀ ಜಠರವನ್ನು ತಟಸ್ಥಗೊಳಿಸುವುದಿಲ್ಲ, ಗೊಳಿಸಲಾರವು. ಮೇಲೆ ಹೇಳಿದ ರಸಾಯನವೆಲ್ಲ ಮುಖ್ಯವಾಗಿ ದಾರಿ ಕ್ರಮಿಸುವ ಹೊತ್ತಿಗೆ ಬೇಕಾದ ರಕ್ಷಣೆ. ಜಠರದ ಒಳಗೋಡೆಯನ್ನು ಲೋಳೆಯ ಪದರವೊಂದು ಹೊದ್ದಿದೆ. ಗೋಡೆಯ ಜೀವಕೋಶಗಳು ಅದರೊಳಕ್ಕೆ ಬೈಕಾರ್ಬೊನೇಟ್ ಸ್ರವಿಸುವುದರಿಂದ, ಲೋಳೆಯ ಹೊರಮೈಯಲ್ಲಿ ಪಿಎಚ್ 2 ಇದ್ದರೂ ಗೋಡೆಯನ್ನು ತಾಗುವಲ್ಲಿ ಅದು ತಟಸ್ಥಕ್ಕೆ ಹತ್ತಿರವಿರುತ್ತದೆ. ನಮ್ಮ ಜಠರ ತನ್ನನ್ನೇ ಜೀರ್ಣಿಸಿಕೊಳ್ಳದಿರುವುದು ಈ ಏರ್ಪಾಡಿನಿಂದ, ಮತ್ತು ಬ್ಯಾಕ್ಟೀರಿಯ ಹುಡುಕಿಕೊಂಡು ಹೋಗುವುದೂ ಇದೇ ನೆಲೆಯನ್ನು. ಅದರ ಒಂದು ತುದಿಯಲ್ಲಿ ಈಜಲು ನೆರವಾಗುವ ಚಾವಟಿಯಂಥ ನಾಲ್ಕಾರು ಕಶಾಂಗಗಳಿವೆ. ಎತ್ತ ಆಮ್ಲ ಕಡಿಮೆ ಎಂಬುದನ್ನು ಗ್ರಹಿಸಿ ಅತ್ತ ಈಜುತ್ತದೆ.

ಆದರೆ ಆಮ್ಲದಲ್ಲಿ ಆ ಲೋಳೆ ಹೆಪ್ಪುಗಟ್ಟಿದ ಜೆಲ್‌ನಂತಿರುತ್ತದೆ, ಅದರಲ್ಲಿ ಈಜುವುದು ಅಸಾಧ್ಯ. ಸುರುಳಿಯಾಕಾರ ಇರುವುದರಿಂದ ತಿರುಪಿನ ಮೊಳೆಯಂತೆ ಕೊರೆದುಕೊಂಡು ಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬ್ಯಾಕ್ಟೀರಿಯದಿಂದ ಹೊಮ್ಮುವ ಅಮೋನಿಯವು ಸುತ್ತಲಿನ ಲೋಳೆಯ ಪಿಎಚ್ ಏರಿಸಿ ಅದನ್ನು ತೆಳುವಾಗಿಸುತ್ತದೆ, ಆಮೇಲೆ ಅದು ಸಲೀಸಾಗಿ ಈಜಿ ಒಳಸೇರುತ್ತದೆ ಎಂದು ತೋರಿಸಿತು. ಒಳಗೆ ಹೋದವುಗಳಲ್ಲಿ ಕೆಲವು ಜೀವಕೋಶಗಳ ಮೇಲ್ಮೈಯ ಸಕ್ಕರೆಗಳನ್ನು ಹಿಡಿದು ಅಂಟಿಕೊಳ್ಳುತ್ತವೆ. ಜಠರದ ಹೊದಿಕೆ ಆಗಾಗ ಕಳಚಿ ಹೊಸದಾಗುವುದರಿಂದ, ಕಳಚಿದ ಚೂರಿನೊಂದಿಗೆ ಬ್ಯಾಕ್ಟೀರಿಯವೂ ಆಮ್ಲದ ಕಡೆಗೆ ಒಯ್ಯಲ್ಪಡುತ್ತದೆ. ಆಗ ಹಿಡಿತದ ಪ್ರೋಟೀನು ಆಮ್ಲಕ್ಕೆ ಸಡಿಲಗೊಂಡು ಅದನ್ನು ಬಿಡಿಸುತ್ತದೆ. ಅದು ಮರಳಿ ಗೋಡೆಯತ್ತ ಈಜಿದಾಗ ಹಿಡಿತ ಮತ್ತೆ ಬಿಗಿಯುತ್ತದೆ.

ಪ್ರಶ್ನೆ (ಗೃಹಿಣಿ, ಧಾರವಾಡ): ಮೊಸರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಗಳೂ ಹೀಗೆಯೇ ಉಳಿಯುತ್ತವೆಯೇ? ಕಾಲರಾ, ಆಮಶಂಕೆಯ ರೋಗಾಣುಗಳು ಹೇಗೆ ದಾಟುತ್ತವೆ?

ಉತ್ತರ: ಅವು ಜಠರದಲ್ಲಿ ವಾಸಿಸುವುದಿಲ್ಲ, ಒಂದೆರಡು ಗಂಟೆಯಲ್ಲಿ ದಾಟಿ ಕರುಳು ಸೇರಿದರೆ ಸಾಕು. ಮೊಸರಿನ ಬ್ಯಾಕ್ಟೀರಿಯಗಳು ಕೋಶದೊಳಗೆ ಬಂದ ಪ್ರೋಟಾನುಗಳನ್ನು ಶಕ್ತಿ ವ್ಯಯಿಸಿ ಹೊರಕ್ಕೆ ಪಂಪು ಮಾಡುತ್ತವೆ. ಆದರೂ ಹಲವು ಸಾಯುತ್ತವೆ. ಊಟದ ಜೊತೆ ಉಂಡ ಮೊಸರಿನಲ್ಲಿ ಹೆಚ್ಚು ಉಳಿಯುವ ಸಾಧ್ಯತೆ ಇದೆ, ಏಕೆಂದರೆ ಅನ್ನ ಮತ್ತು ಹಾಲಿನ ಪ್ರೋಟೀನು ಆಮ್ಲವನ್ನು ಸ್ವಲ್ಪ ಹೀರಿಕೊಂಡಿರುತ್ತವೆ. ಕರುಳುವಾಸಿಯಾದ ಇ. ಕೋಲಿ, ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಬದಲಿಸುವ ಪ್ರತಿ ಸಲವೂ ಒಂದು ಪ್ರೋಟಾನನ್ನು ಅದರೊಳಗೆ ಸೇರಿಸಿ ಹೊರದಬ್ಬುತ್ತದೆ.

ಕಾಲರಾ ರೋಗಾಣು ಆಮ್ಲಕ್ಕೆ ಬಹಳ ದುರ್ಬಲ. ಸ್ವಯಂಸೇವಕರ ಮೇಲೆ ನಡೆದ ಹಳೆಯ ಅಧ್ಯಯನಗಳಲ್ಲಿ, ಸೋಡಿಯಂ ಬೈಕಾರ್ಬೊನೇಟ್ ಕೊಟ್ಟು ಆಮ್ಲವನ್ನು ತಗ್ಗಿಸಿದಾಗ ಅದಿಲ್ಲದೆ ಬೇಕಾದ್ದಕ್ಕಿಂತ ಅತಿ ಕಡಿಮೆ ರೋಗಾಣುಗಳು ಕಾಯಿಲೆ ತರಲು ಸಾಕಾದವು. ಆಮಶಂಕೆಯ ಶಿಗೆಲ್ಲ ಇದಕ್ಕೆ ತದ್ವಿರುದ್ಧ. ಆಮ್ಲವನ್ನು ಚೆನ್ನಾಗಿ ತಡೆಯುವುದರಿಂದ 10ರಿಂದ 100 ಕೋಶಗಳೂ ಸಾಕಾಗಬಹುದು. ಆದ್ದರಿಂದ ನಿಮ್ಮ ಶಾಲಾಪಾಠ ತಪ್ಪಲ್ಲ ಎಂದು ಹಾಸನದ ಶಿಕ್ಷಕಿಯವರಿಗೂ ಹೇಳಬಯಸುತ್ತೇನೆ: ಆಮ್ಲ ನಿಜವಾಗಿಯೂ ಕಾವಲುಗಾರನೇ.

ಪ್ರಶ್ನೆ (ಬಿ.ಎಸ್‌ಸಿ. ವಿದ್ಯಾರ್ಥಿ, ಮೈಸೂರು): ಇಷ್ಟು ವ್ಯಾಪಕವಾಗಿರುವ ಬ್ಯಾಕ್ಟೀರಿಯವನ್ನು ಗುರುತಿಸಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಏಕೆ ಕಾಯಬೇಕಾಯಿತು?

ಉತ್ತರ: ಕಂಡವರು ಮೊದಲೂ ಇದ್ದರು, ಆದರೆ ಆಮ್ಲದಲ್ಲಿ ಏನೂ ಬದುಕದು ಎಂಬ ನಂಬಿಕೆ ಅದನ್ನು ಪಕ್ಕಕ್ಕೆ ಸರಿಸುತ್ತಿತ್ತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ 1979ರಲ್ಲಿ ಅವನ್ನು ಜಠರದ ಅಂಗಾಂಶದಲ್ಲಿ ಗಮನಿಸಿ ಬೆನ್ನುಹತ್ತಿದರು, ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. ಬ್ಯಾಕ್ಟೀರಿಯ ಬೆಳೆಸಲು ಇಟ್ಟ ತಟ್ಟೆಗಳಲ್ಲಿ ಎರಡು ದಿನಕ್ಕೆ ಏನೂ ಬೆಳೆಯದಿದ್ದರೆ ಅವನ್ನು ಎಸೆಯುವುದು ರೂಢಿಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹೆಚ್ಚು ದಿನ ಉಳಿದಾಗ ನಿಧಾನವಾಗಿ ಬೆಳೆಯುವ ಈ ಬ್ಯಾಕ್ಟೀರಿಯ ಕಾಣಿಸಿತು. 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂದಿತು.

ಪ್ರಶ್ನೆ (ಗುಂಪಿನ ಸದಸ್ಯರು, ದುಬೈ): ನಾನು ಎಂಟು ತಿಂಗಳಿಂದ ಪ್ರತಿದಿನ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಸೇವಿಸುತ್ತಿದ್ದೇನೆ. ಮುಂದಿನ ವಾರ ಎಂಡೋಸ್ಕೋಪಿ ಇದೆ. ಈ ಮಾತ್ರೆಯಿಂದ ಪರೀಕ್ಷೆಗೆ ತೊಂದರೆಯಾಗುವುದೇ?

ಉತ್ತರ: ಆಗಬಹುದು, ಮತ್ತು ಈ ಮಾತನ್ನು ನೀವು ಪರೀಕ್ಷೆಗೆ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು. ಎಂಡೋಸ್ಕೋಪಿಯಲ್ಲಿ ಜಠರದಿಂದ ಅಕ್ಕಿಕಾಳಿಗಿಂತಲೂ ಚಿಕ್ಕ ಚೂರನ್ನು ತೆಗೆದು, ಯೂರಿಯ ಮತ್ತು ಬಣ್ಣಸೂಚಕ ಬೆರೆಸಿದ ಹಳದಿ ಜೆಲ್‌ನಲ್ಲಿ ಇಡುತ್ತೇವೆ. ಬ್ಯಾಕ್ಟೀರಿಯ ಇದ್ದರೆ ಅದರ ಯೂರಿಯೇಸ್ ಅಮೋನಿಯವನ್ನು ಹುಟ್ಟಿಸುತ್ತದೆ. ಮೊದಲು ಚೂರಿನ ಅಂಚಿನಲ್ಲಿ ಎಳೆ ಗುಲಾಬಿ ಮೂಡಿ, ನಂತರ ಇಡೀ ಜೆಲ್ಲಿಗೆ ಹರಡುತ್ತದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಬಿದ್ದಾಗ ಕೆಂಪೇರುವುದನ್ನು ನೋಡಿದವರಿಗೆ ಈ ದೃಶ್ಯ ಹೊಸತಲ್ಲ, ಎರಡರಲ್ಲಿಯೂ ಕ್ಷಾರವೇ ಬಣ್ಣ ತಿರುಗಿಸುವುದು. ಉಸಿರಿನ ಪರೀಕ್ಷೆಯೂ ಇದೇ ಕಿಣ್ವವನ್ನು ಹುಡುಕುತ್ತದೆ: ಗುರುತಿಟ್ಟ ಕಾರ್ಬನ್ ಇರುವ ಯೂರಿಯವನ್ನು ಕುಡಿಸಿ, ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆಯೇ ಎಂದು ನೋಡಲಾಗುತ್ತದೆ.

ನಿಮ್ಮ ಮಾತ್ರೆ ಆಮ್ಲವನ್ನು ತಗ್ಗಿಸುವುದರಿಂದ ಬ್ಯಾಕ್ಟೀರಿಯಗಳ ಸಂಖ್ಯೆಯೂ ಯೂರಿಯೇಸ್ ಚಟುವಟಿಕೆಯೂ ಇಳಿದು, ಅವು ಜಠರದ ಬೇರೆ ಭಾಗಕ್ಕೆ ಸರಿದಿರಬಹುದು. ಹಾಗಾಗಿ ಇದ್ದರೂ ಇಲ್ಲವೆಂದು ವರದಿ ಬರುವ ಸಂಭವವಿದೆ. ಅಂಥ ವರದಿಗಳು ನನ್ನ ಮೇಜಿಗೂ ಬಂದಿವೆ. ಮಾತ್ರೆಯ ವಿಷಯ ಕೇಳಿದ ಮೇಲೆ ಮರುಪರೀಕ್ಷೆ ಮಾಡಿ ಬ್ಯಾಕ್ಟೀರಿಯವನ್ನು ಕಂಡುಹಿಡಿದದ್ದುಂಟು. ಸಾಮಾನ್ಯವಾಗಿ ಪರೀಕ್ಷೆಗೆ ಎರಡು ವಾರ ಮೊದಲು ಈ ಗುಂಪಿನ ಮಾತ್ರೆಗಳನ್ನೂ ನಾಲ್ಕು ವಾರ ಮೊದಲು ಆ್ಯಂಟಿಬಯೋಟಿಕ್‌ಗಳನ್ನೂ ನಿಲ್ಲಿಸಲು ಹೇಳಲಾಗುತ್ತದೆ. ಆದರೆ ಹುಣ್ಣಿನಿಂದ ರಕ್ತಸ್ರಾವ ಆದವರು ಅಥವಾ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ತಾವಾಗಿಯೇ ನಿಲ್ಲಿಸಬಾರದು. ಇಂದೇ ನಿಮ್ಮ ವೈದ್ಯರಿಗೆ ಕರೆ ಮಾಡಿ ಮಾತ್ರೆಯ ಹೆಸರನ್ನೂ ಅವಧಿಯನ್ನೂ ತಿಳಿಸಿ. ಪರೀಕ್ಷೆಯನ್ನು ಮುಂದೂಡಬೇಕೆ ಎಂಬುದನ್ನು ಅವರು ನಿರ್ಧರಿಸಲಿ.

ಪ್ರಶ್ನೆ (ಅದೇ ಸದಸ್ಯರು): ಧನ್ಯವಾದಗಳು, ಈಗಲೇ ಕರೆ ಮಾಡುತ್ತೇನೆ. ಆಮ್ಲ ತಗ್ಗಿಸುವ ಮಾತ್ರೆ ಪರೀಕ್ಷೆಯನ್ನು ಕೆಡಿಸುವುದಾದರೆ, ಚಿಕಿತ್ಸೆಯಲ್ಲಿ ಅದನ್ನೇ ಏಕೆ ಕೊಡುತ್ತಾರೆ?

ಉತ್ತರ: ಚಿಕಿತ್ಸೆಯಲ್ಲಿ ಆ ಮಾತ್ರೆಯ ಜೊತೆ ಆ್ಯಂಟಿಬಯೋಟಿಕ್‌ಗಳನ್ನೂ ಕೊಡಲಾಗುತ್ತದೆ. ಅವುಗಳಲ್ಲಿ ಅಮಾಕ್ಸಿಸಿಲಿನ್‌ನಂಥ ಔಷಧ ಕೋಶಭಿತ್ತಿ ಕಟ್ಟುತ್ತಿರುವ, ಅಂದರೆ ವಿಭಜನೆಗೊಳ್ಳುತ್ತಿರುವ ಬ್ಯಾಕ್ಟೀರಿಯವನ್ನಷ್ಟೇ ಕೊಲ್ಲಬಲ್ಲದು. ತೀವ್ರ ಆಮ್ಲದಲ್ಲಿ ಬ್ಯಾಕ್ಟೀರಿಯ ವಿಭಜನೆ ನಿಲ್ಲಿಸಿ ಬದುಕುಳಿಯುವುದರಲ್ಲಿ ಮಾತ್ರ ತೊಡಗಿರುತ್ತದೆ. ಆಮ್ಲ ತಗ್ಗಿದಾಗ ಅದು ಮತ್ತೆ ವಿಭಜಿಸತೊಡಗುತ್ತದೆ, ಆಗ ಔಷಧ ತಾಗುತ್ತದೆ; ಕ್ಲಾರಿಥ್ರೊಮೈಸಿನ್ ಎಂಬ ಇನ್ನೊಂದು ಔಷಧ ಕೂಡ ಆಮ್ಲ ಕಡಿಮೆಯಿದ್ದಾಗ ಕೆಡದೆ ಉಳಿಯುತ್ತದೆ. ಈ ಚಿಕಿತ್ಸೆ ಹೆಚ್ಚಾಗಿ 14 ದಿನಗಳದ್ದು. ಬಾಯಿ ಕಹಿಯಾಯಿತು, ಹೊಟ್ಟೆ ಕೆಟ್ಟಿತು ಎಂದು ನಡುವೆ ಬಿಟ್ಟವರಲ್ಲಿ ಬ್ಯಾಕ್ಟೀರಿಯ ಉಳಿದು ಔಷಧಕ್ಕೆ ಬಗ್ಗದಂತಾಗಬಹುದು. ತೊಂದರೆಯಾದರೆ ನಿಲ್ಲಿಸದೆ ವೈದ್ಯರನ್ನು ಕೇಳಿ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ, ಬ್ಯಾಕ್ಟೀರಿಯ ಹೋದ ಮೇಲೂ ಪ್ರತಿಕಾಯಗಳು ಬಹುಕಾಲ ಉಳಿದಿರುತ್ತವೆ.