ಪದಚರ್ಚೆ: ‘ಮ್ಯಾರೇಜ್ ಲೈಸನ್ಸ್’ಗೆ ಏನನ್ನೋಣ? ಅದನ್ನು ತಿದ್ದುವುದಕ್ಕೆ?

ಗೆಳೆಯರೇ,

ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾಗುವ ನಮ್ಮ ಹುಡುಗ ಹುಡುಗಿಯರ ಅಪ್ಪ ಅಮ್ಮಂದಿರಿಗಾಗಿ ಅಲ್ಲಿನ ಕಾಗದಪತ್ರದ ವಿವರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದ ಬೇಕಾಗಿದೆ.

ಮೊದಲನೆಯದು ‘ಮ್ಯಾರೇಜ್ ಲೈಸನ್ಸ್’. ಅಲ್ಲಿ ಮದುವೆಗೆ ಮುಂಚೆಯೇ ಜೋಡಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ಇದನ್ನು ಪಡೆಯಬೇಕು. 90 ದಿನದೊಳಗೆ ಮದುವೆ ಆಗಬೇಕು. ಮಾಡಿಸಿದವರು, ನಮ್ಮ ಪುರೋಹಿತರೇ ಇರಲಿ, ಸಹಿ ಹಾಕಿ 10 ದಿನದೊಳಗೆ ಅದೇ ಹಾಳೆಯನ್ನು ಕೌಂಟಿಗೆ ಮರಳಿಸಬೇಕು. ಸರ್ಟಿಫಿಕೇಟ್ ಆಮೇಲಿನ ಮಾತು.

ನಮ್ಮಲ್ಲಿ ಸಾಮಾನ್ಯವಾಗಿ ಛತ್ರದಲ್ಲಿ ತಾಳಿ ಕಟ್ಟಿ, ಬೀಗರ ಊಟವೂ ಮುಗಿದು, ವೀಸಾ ಅಂದಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿ ನೆನಪಾಗುವುದು. ಹಾಗಾಗಿ ‘ವಿವಾಹ ನೋಂದಣಿ ಪತ್ರ’ ಅಂದರೆ ಎಲ್ಲರೂ ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ. ‘ಲಗ್ನಪತ್ರಿಕೆ’ಗೆ ಆಗಲೇ ಬೇರೆ ಕೆಲಸವಿದೆ. ‘ಪರವಾನಗಿ’ಯ ಅರ್ಥವೇನೋ ಸರಿ, ಆದರೆ ಬಂದೂಕು, ಬ್ರಾಂದಿ ಅಂಗಡಿ ನೆನಪಾಗುತ್ತವೆ ಅಲ್ವಾ? 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಮುಂಚಿನ ಹಂತ ಒಂದಿದೆ. ಆದರೆ ಅದು ನೋಟಿಸು: ಬೋರ್ಡಿಗೆ ಹಾಕಿ, ತಕರಾರಿಗೆ 30 ದಿನ ಕಾಯುವುದು. ಕೈಗೆ ಲೈಸನ್ಸು ಬರುವುದಿಲ್ಲ. ಸದ್ಯಕ್ಕೆ ‘ಮದುವೆ ಅನುಮತಿಪತ್ರ’ ಅಂತ ಇಟ್ಟಿದ್ದೇನೆ. ಸ್ವಲ್ಪ ಸಪ್ಪೆ.

ಎರಡನೆಯದು, ಈ ದಾಖಲೆಯಲ್ಲಿ ಬಿದ್ದ ತಪ್ಪನ್ನು ತಿದ್ದಿಸುವುದಕ್ಕೆ ಬೇಕಾದ ಪದ, ಜಾಸ್ತಿ ತಲೆನೋವು. ‘ಎಚ್. ಆರ್.’ ಅಂತ ಇನಿಷಿಯಲ್ ಇಟ್ಟುಕೊಂಡವರಿಗೆ ಕೊನೆಯ ಹೆಸರು ಊರೋ, ಅಪ್ಪನ ಹೆಸರೋ? ಪಾಸ್‌ಪೋರ್ಟಿನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಬಿದ್ದರೆ ತಿದ್ದಿಸಬೇಕು. ಮದುವೆಗೆ ಮುಂಚೆಯೇ ಕಣ್ಣಿಗೆ ಬಿದ್ದರೆ ಕಚೇರಿಗೇ ಮರಳಿ ಹೋಗಬೇಕು, ನಾವೇ ಗೀಚಿ, ಬಿಳಿ ಹಚ್ಚಿ ಸರಿಮಾಡುವಂತಿಲ್ಲ. ನೋಂದಣಿ ಆದಮೇಲೆ ಪ್ರಮಾಣ ಮಾಡಿ ಅರ್ಜಿ ಕೊಡಬೇಕು. ಆಗಲೂ ಹಳೆಯ ಹಾಳೆ ಹಾಗೇ ಉಳಿಯುತ್ತದೆ, ಸರಿಯಾದ ವಿವರದ ಹಾಳೆ ಅದರ ಜೊತೆ ಸೇರುತ್ತದೆ.

ಇದನ್ನು ‘ತಿದ್ದುಪಡಿ’ ಅಂದರೆ ಹಳೆಯದನ್ನು ಅಳಿಸಿ ಹೊಸದು ಬರೆದುಕೊಡುತ್ತಾರೆ ಅಂತ ಓದುಗರು ನಂಬುತ್ತಾರೆ. ಅಳಿಸದೆ ತಿದ್ದುವುದು ನಮಗೇನು ಹೊಸದಲ್ಲ. ಅದೇ 1954ರ ಕಾಯ್ದೆಯ 49ನೇ ಕಲಮು ಹೇಳುವುದೂ ಇದನ್ನೇ: ಮೂಲ ನಮೂದನ್ನು ಮುಟ್ಟದೆ ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಅಧಿಕಾರಿ ಸಹಿ, ತಾರೀಕು ಹಾಕಬೇಕು. ಜಮೀನಿನ ಪಹಣಿ ನೋಡಿದವರಿಗೆ ‘ಷರಾ’, ಅಂದರೆ ದಾಖಲೆಯಲ್ಲಿ ಬರೆಯುವ ಟಿಪ್ಪಣಿ, ಗೊತ್ತು. ಅದನ್ನೇ ಇಲ್ಲಿಗೆ ಎಳೆದು ‘ತಿದ್ದುಷರಾ’ ಅನ್ನಬಹುದೇ? ನನಗೆ ಹಿಡಿಸಿದೆ. ಆದರೆ ಬೆಂಗಳೂರಿನ ಹುಡುಗರಿಗೆ ‘ಷರಾ’ ಅರ್ಥವಾಗುತ್ತದೆಯೇ ಎಂಬ ಅನುಮಾನವಿದೆ.

ಕಂದಾಯ, ನೋಂದಣಿ ಕಚೇರಿಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ಪುಸ್ತಕದ ಅಂಚಿನಲ್ಲಿ ಹೀಗೆ ಬರೆಯುವುದಕ್ಕೆ ನೀವು ಏನನ್ನುತ್ತಿದ್ದಿರಿ? ಬೀದರ್, ಕಲಬುರಗಿ ಕಡೆಯ ಮಾತು ಬೇರೆ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.