ಅಪ್‌ಡೇಟ್ ಆಗಿಹೋಯಿತು, ಈಗ ಹಿಂದಕ್ಕೆ ಹೋಗೋದು ಹೇಗೆ?

ಕೇಳಿದ್ದು

ಅಮ್ಮ ತೀರ್ಥಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಅವರದು ಮೂರು ವರ್ಷದ ಹಳೇ ಆಂಡ್ರಾಯ್ಡ್ ಫೋನು. ಹೋದ ವಾರ ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದಾರೆ. ಬೆಳಗ್ಗೆ ನೋಡಿದರೆ ತಾನೇ ಅಪ್‌ಡೇಟ್ ಆಗಿ ಕೂತಿದೆ. ಈಗ ಕರೆ ಬಂದರೆ ಹಸಿರು ಗುಂಡಿ ಇದ್ದ ಜಾಗದಲ್ಲಿಲ್ಲ. ಕೀಬೋರ್ಡಿನಲ್ಲಿ ಕನ್ನಡದ ಕೀಲಿಗಳು ಅದಲು ಬದಲಾಗಿವೆ. ಕ್ಯಾಮೆರಾ ತೆರೆಯುವಷ್ಟರಲ್ಲಿ ಮೊಮ್ಮಗಳು ಓಡಿಹೋಗಿರುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಟರಿ 20ಕ್ಕೆ ಬಂದಿರುತ್ತದೆ. "ಹಬ್ಬಕ್ಕೆ ಬಂದಾಗ ನೀನೇ ಏನೋ ಒತ್ತಿ ಹೋಗಿದ್ದೀಯ" ಅಂತ ನನ್ನ ಮೇಲೇ ಅಪವಾದ ಬೇರೆ.

ಪೇಟೆಯ ಅಂಗಡಿಯವರು 800 ರೂಪಾಯಿಗೆ ಹಳೇ ಸಾಫ್ಟ್‌ವೇರ್ ಹಾಕಿಕೊಡ್ತೀವಿ ಅಂದಿದ್ದಾರಂತೆ. ಹಾಕಿಸಬಹುದಾ? ಯಾರಾದರೂ ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ.

ಮೈಸೂರಿನಿಂದ, ಒಮ್ಮೆ ಕೈ ಸುಟ್ಟುಕೊಂಡವನು

800 ರೂಪಾಯಿ ಸದ್ಯಕ್ಕೆ ಜೇಬಲ್ಲೇ ಇರಲಿ.

ನೀವು ಹೇಳಿದ ನಾಲ್ಕು ತೊಂದರೆಗಳೂ ಒಂದೇ ಅಪ್‌ಡೇಟಿನಿಂದ ಬಂದಿವೆ ಅಂತ ನನಗೆ ಅನ್ನಿಸುತ್ತಿಲ್ಲ. ಚಾರ್ಜಿಗೆ ಹಾಕಿ ವೈಫೈ ಇದ್ದ ರಾತ್ರಿ ಫೋನಿನಲ್ಲಿ ಎರಡು ಕೆಲಸ ನಡೆಯುತ್ತವೆ. ಪ್ಲೇ ಸ್ಟೋರ್ ಒಂದೊಂದೇ ಆ್ಯಪ್ ಅಪ್‌ಡೇಟ್ ಮಾಡುತ್ತದೆ. ಫೋನಿನ ಕಂಪನಿ ಇಡೀ ಸಿಸ್ಟಮ್ ಅಪ್‌ಡೇಟ್ ಮಾಡುತ್ತದೆ. ಬೆಳಗ್ಗೆ ನಮಗೆ ಎರಡೂ ಒಂದೇ ಥರ ಕಾಣುತ್ತದೆ. ಆದರೆ ಮೊದಲನೆಯದಕ್ಕೆ ಬಹಳ ಸಲ ವಾಪಸು ದಾರಿ ಇದೆ. ಎರಡನೆಯದಕ್ಕೆ ಇಲ್ಲ, ಅಥವಾ ಇದ್ದರೂ ನಿಮಗೆ ಬೇಡ.

ಹಸಿರು ಗುಂಡಿ ಮತ್ತು ಕೀಬೋರ್ಡ್ ಬಹುಶಃ ಆ್ಯಪ್‌ಗಳ ಕೆಲಸ. 2025ರ ಆಗಸ್ಟ್‌ನಲ್ಲಿ ಗೂಗಲ್‌ನ ಫೋನ್ ಆ್ಯಪ್ ಹೀಗೇ ರೂಪ ಬದಲಿಸಿತ್ತು, ನೆನಪಿದೆಯಾ? ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಎಷ್ಟೋ ಜನ ಹೆದರಿಕೊಂಡಿದ್ದರು. ಅದು ಬರೀ ಆ್ಯಪ್ ಅಪ್‌ಡೇಟ್.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಪಕ್ಕದಲ್ಲಿ ಇನ್ಯಾರಾದರೂ ಕೈಯಲ್ಲಿ ಫೋನು ಹಿಡಿದಿರಲಿ. ಕರೆ ಮಾಡುವ ಆ್ಯಪ್‌ನ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿಯಬೇಕು. 'ಆ್ಯಪ್ ಮಾಹಿತಿ' ಬರುತ್ತದೆ. ಒಳಗೆ ಹೋದರೆ ಮೇಲೆ ಬಲಮೂಲೆಯಲ್ಲಿ ಮೂರು ಚುಕ್ಕಿ. ಅದರಲ್ಲಿ 'ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ' ಅಂತಿರುತ್ತದೆ. ಫೋನಿನ ಜೊತೆಗೇ ಬಂದ ಆ್ಯಪ್‌ಗಳಿಗೆ ಮಾತ್ರ ಇದು ಸಿಗುತ್ತದೆ. ಒತ್ತಿದರೆ ಆ ಆ್ಯಪ್‌ನ ಡೇಟಾ ಹೋಗುತ್ತದೆ ಅಂತ ಎಚ್ಚರಿಸುತ್ತದೆ. ಕರೆಗಳ ಪಟ್ಟಿ ಬೇರೆ ಕಡೆ ಇರುವುದರಿಂದ ಅದಕ್ಕೇನೂ ಆಗಲ್ಲ. ಕೀಬೋರ್ಡಿಗೆ ಮಾಡಿದರೆ ಮಾತ್ರ ಅಮ್ಮ ಅದಕ್ಕೆ ಕಲಿಸಿದ್ದ ಪದಗಳು ಹೋಗುತ್ತವೆ. ನಮ್ಮತ್ತೆ ಇದಕ್ಕೇ ಎರಡು ದಿನ ಮುಖ ಊದಿಸಿಕೊಂಡಿದ್ದರು. 'ಕೋಸಂಬರಿ' ಅಂತ ಎರಡಕ್ಷರಕ್ಕೇ ಬರುತ್ತಿದ್ದದ್ದು ಈಗ ಪೂರ್ತಿ ಒತ್ತಬೇಕು ಅಂತ.

ಆಮೇಲೆ ಮರೆಯದೆ ಪ್ಲೇ ಸ್ಟೋರಿನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋಗಿ, ಮತ್ತೆ ಮೂರು ಚುಕ್ಕಿ ಒತ್ತಿ, ತಾನಾಗಿ ಅಪ್‌ಡೇಟ್ ಆಗುವ ಟಿಕ್ ತೆಗೆಯಿರಿ. ಇಲ್ಲದಿದ್ದರೆ ನಾಳೆ ರಾತ್ರಿ ಮತ್ತೆ ಅದೇ ಕಥೆ.

2021ರ ಮಾರ್ಚ್‌ನಲ್ಲಿ ಫೋನುಗಳಲ್ಲಿ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವಲ್ಲ, ಅದು ವೆಬ್‌ವ್ಯೂ ಅನ್ನುವ ಒಂದು ಭಾಗದ ಕೆಟ್ಟ ಅಪ್‌ಡೇಟ್. ಅವತ್ತು ಜನರನ್ನು ಕಾಪಾಡಿದ್ದೂ ಇದೇ ಮೂರು ಚುಕ್ಕಿಯೇ.

ಇನ್ನು ನನ್ನ ಕಥೆ. 2019ರಲ್ಲಿ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ನನ್ನ ಫೋನು ನಿಧಾನವಾಯಿತು. ಕಂಪನಿ ಹೆಸರು ಬೇಡ. ಇಂಟರ್‌ನೆಟ್‌ನಿಂದ ಹಳೇ ಫೈಲು ಇಳಿಸಿ, ರಾತ್ರಿ ಹನ್ನೊಂದಕ್ಕೆ ಕೂತು ನಾನೇ ಹಾಕಿದೆ. ಪಟ್ಟಿ ನೂರಕ್ಕೆ ನೂರು ತುಂಬಿತು. ಪರದೆ ಕಪ್ಪಾಯಿತು. ಆಮೇಲೆ ಅದು ಬೆಳಗಲೇ ಇಲ್ಲ. ಚಾರ್ಜರ್ ಹಾಕಿದರೂ ಇಲ್ಲ, ಗುಂಡಿ ಎರಡು ನಿಮಿಷ ಒತ್ತಿ ಹಿಡಿದರೂ ಇಲ್ಲ. ಮದರ್‌ಬೋರ್ಡೇ ಬದಲಿಸಬೇಕು ಅಂದರು. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಹೊಸ ಫೋನೇ ತಗೊಂಡೆ. ಹಳೇದನ್ನು ಮಗನಿಗೆ ಆಡಲು ಕೊಟ್ಟೆವು. ಬಹಳ ದಿನ ಅದರಲ್ಲೇ ತಾತನಿಗೆ ಫೋನು ಮಾಡುತ್ತಿದ್ದ.

ಹುಬ್ಬಳ್ಳಿಯಿಂದ, ಮೊಬೈಲ್ ರಿಪೇರಿ ಮಾಡುವವನು

ಮೈಸೂರಿನವರಿಗೆ ಆಗಿದ್ದು ಯಾಕೆ ಅಂತ ನಾ ಹೇಳ್ತೀನಿ ನೋಡ್ರಿ. ಚಿಪ್ಪಿನೊಳಗೆ ಸಣ್ಣ ಸಣ್ಣ ಫ್ಯೂಸ್ ಇರುತ್ತವೆ. ಮನೆ ಫ್ಯೂಸಿನ ಹಾಗೆ ತಂತಿ ಬದಲಿಸಲು ಬರುವುದಿಲ್ಲ. ಒಮ್ಮೆ ಸುಟ್ಟರೆ ಮುಗಿಯಿತು. ಕೆಲವು ಅಪ್‌ಡೇಟ್ ಬಂದಾಗ ಕಂಪನಿ ಒಂದು ಫ್ಯೂಸ್ ಸುಡುತ್ತದೆ, ಲೆಕ್ಕ ಒಂದು ಏರುತ್ತದೆ. ಆ ಲೆಕ್ಕಕ್ಕಿಂತ ಕೆಳಗಿನ ಸಾಫ್ಟ್‌ವೇರ್ ಹಾಕಲು ಹೋದರೆ ಫೋನು ಒಪ್ಪುವುದಿಲ್ಲ. ಕೆಲವು ಮಾಡೆಲ್ ಸುಮ್ನೆ ಬೇಡ ಅನ್ನುತ್ತವೆ. ಕೆಲವು ಸತ್ತೇ ಹೋಗುತ್ತವೆ.

ಸ್ಯಾಮ್‌ಸಂಗ್ ಆದರೆ ನೀವೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್, ಅಂದರೆ ಫೋನಿನಲ್ಲಿರುವ ಸಾಫ್ಟ್‌ವೇರಿನ ಗುರುತಿನ ನಂಬರ್ ಇರುತ್ತದೆ. ಅದರ ಕೊನೆಯಿಂದ ಐದನೇ ಅಕ್ಷರವೇ ಆ ಲೆಕ್ಕ. ಈಗ ಅಲ್ಲಿ 5 ಇದ್ದು, ಹಾಕಬೇಕೆಂದಿರುವ ಹಳೇ ಫೈಲಿನಲ್ಲೂ 5 ಇದ್ದರೆ ಹಿಂದಕ್ಕೆ ಹೋಗಬಹುದು. ಆಗಲೂ ಫೋಟೋ, ಮೆಸೇಜು ಎಲ್ಲಾ ಅಳಿಸಿಯೇ ಹೋಗಬೇಕು. ಹಳೇದರಲ್ಲಿ 4 ಇದ್ದರೆ ನಾನಲ್ಲ, ನಮ್ಮಪ್ಪ ಬಂದರೂ ಆಗುವುದಿಲ್ಲ. ಗೂಗಲ್ ತನ್ನ ಪಿಕ್ಸೆಲ್ 6 ಫೋನುಗಳಿಗೆ 2022ರಲ್ಲಿ ಆಂಡ್ರಾಯ್ಡ್ 13 ಕೊಟ್ಟಾಗ ತಾನೇ ಹೇಳಿತ್ತು, ಇದನ್ನು ಹಾಕಿಕೊಂಡರೆ ಮತ್ತೆ 12ಕ್ಕೆ ಬರಲು ಆಗುವುದಿಲ್ಲ ಅಂತ.

ಅಂಗಡಿಯವರ 800 ರೂಪಾಯಿ ಮಾತಿಗೆ ಬರೋಣ. ನಮ್ಮ ಕಸುಬಿನವರ ಮೇಲೆ ನಾನೇ ಹೇಳಬಾರದು, ಆದರೂ ಹೇಳ್ತೀನಿ. ಬಹಳ ಕಡೆ ಮಾಡುವುದು ಬರೀ ಫ್ಯಾಕ್ಟರಿ ರೀಸೆಟ್. ಎಲ್ಲಾ ಖಾಲಿ ಆದ ಮೇಲೆ ಫೋನು ಎರಡು ದಿನ ಚುರುಕಾಗಿ ಓಡುತ್ತದೆ, ಗಿರಾಕಿಗೆ ಖುಷಿ. ವರ್ಷನ್ ನಂಬರ್ ನೋಡಿದರೆ ಅದೇ ಹೊಸದು. ಇನ್ನು ಕೆಲವರು ಬೂಟ್‌ಲೋಡರ್ (ಫೋನು ಆನ್ ಆದಾಗ ಸಿಸ್ಟಮ್ ಎಬ್ಬಿಸುವ ಭಾಗ) ಬೀಗ ತೆಗೆದು ಬೇರೆ ಏನೋ ಹಾಕಿಕೊಡುತ್ತಾರೆ. ಆಮೇಲೆ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ ಅಂತ ಜನ ನನ್ನ ಹತ್ತಿರ ಬರುತ್ತಾರೆ. ಪಿಂಚಣಿ ನೋಡಲು ಅಮ್ಮನಿಗೆ ಆ ಆ್ಯಪ್ ಬೇಕಲ್ವಾ?

ಕೇಳುವುದಾದರೆ ಒಂದೇ ಪ್ರಶ್ನೆ ಕೇಳ್ರಿ: "ಯಾವ ಬಿಲ್ಡ್ ಹಾಕ್ತೀರಿ, ನಂಬರ್ ಬರೆದುಕೊಡಿ." ಬರೆದುಕೊಡದಿದ್ದರೆ ಎದ್ದು ಬನ್ನಿ.

ಬೆಂಗಳೂರಿನಿಂದ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು

ಫ್ಯೂಸ್ ಇಲ್ಲದಿದ್ದರೂ ಇನ್ನೊಂದು ತೊಡಕಿದೆ. 2016ರ ಆಂಡ್ರಾಯ್ಡ್ 7ರಿಂದ ಬಹಳಷ್ಟು ಫೋನುಗಳಲ್ಲಿ ಸಿಸ್ಟಮ್‌ಗೆ ಎರಡು ಕೋಣೆ ಇರುತ್ತವೆ. ನೀವು ಒಂದರಲ್ಲಿ ಓಡಾಡುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ಜೋಡಿಸಿಡುತ್ತಾರೆ. ರೀಸ್ಟಾರ್ಟ್ ಆದಾಗ ಹೊಸ ಕೋಣೆ ತೆರೆಯಲಿಲ್ಲ ಅಂದರೆ ಫೋನು ತಾನೇ ಹಳೇ ಕೋಣೆಗೆ ಬರುತ್ತದೆ. ಹಾಗಾದರೆ ಹಳೇದು ಅಲ್ಲೇ ಇದೆಯಲ್ಲ, ಒಂದು ಗುಂಡಿ ಕೊಡೋಕೆ ಏನು ರೋಗ ಅಂತ ನಾನೂ ಕೇಳಿದ್ದೆ.

ವಿಷಯ ಏನಂದರೆ, ಹೊಸ ಸಿಸ್ಟಮ್ ಒಮ್ಮೆ ಎದ್ದ ಮೇಲೆ ನಿಮ್ಮ ಸಂಪರ್ಕಗಳು, ಸೆಟ್ಟಿಂಗ್‌ಗಳು, ಆ್ಯಪ್‌ಗಳ ಡೇಟಾ ಎಲ್ಲವನ್ನೂ ತನ್ನ ರೀತಿಗೆ ಬದಲಿಸಿಕೊಳ್ಳುತ್ತದೆ. ಹಳೇದಕ್ಕೆ ಅದು ಓದಲು ಬರಲ್ಲ. ದೋಸೆಹಿಟ್ಟು ರುಬ್ಬಿ ಹುದುಗು ಬಂದ ಮೇಲೆ ಅಕ್ಕಿ ಬೇರೆ ಉದ್ದು ಬೇರೆ ಮಾಡಿಕೊಡಿ ಅಂದ ಹಾಗೆ. ಹಿಂದಕ್ಕೆ ಹೋದರೆ ಎಲ್ಲಾ ಅಳಿಸಲೇಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಕಾರಣ ಕಳ್ಳರು. ಹಳೇ ಸಾಫ್ಟ್‌ವೇರಿನ ತೂತು ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಕದ್ದ ಫೋನನ್ನು ಹಿಂದಕ್ಕೆ ಒಯ್ದು, ಆ ತೂತಿನಿಂದ ಒಳಗೆ ನುಗ್ಗಬಹುದು. ಆ ಮಟ್ಟಿಗೆ ಈ ಬೀಗ ನ್ಯಾಯವೇ.

ಮಸ್ಕತ್‌ನಿಂದ, ಊರು ಕುಂದಾಪುರ

ಐಫೋನ್ ಇರುವವರು ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ಇಲ್ಲಿ ಪ್ರತಿ ಸಲ ಸಿಸ್ಟಮ್ ಹಾಕುವಾಗಲೂ ಆ್ಯಪಲ್‌ನ ಸರ್ವರ್ ಸಹಿ ಹಾಕಬೇಕು. ಹೊಸ ಆವೃತ್ತಿ ಬಂದು ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಹಳೇದಕ್ಕೆ ಸಹಿ ಹಾಕುವುದನ್ನು ನಿಲ್ಲಿಸುತ್ತಾರೆ. ಅಷ್ಟರೊಳಗೆ ಕಂಪ್ಯೂಟರಿಗೆ ಜೋಡಿಸಿ ವಾಪಸು ಹೋದರೆ ಹೋದಿರಿ. ಆಮೇಲೆ ಫೈಲು ಕೈಯಲ್ಲಿದ್ದರೂ ಉಪಯೋಗ ಇಲ್ಲ. ನಾನು 'ನೋಡೋಣ, ಅಭ್ಯಾಸ ಆಗಬಹುದು' ಅಂತ ಒಂದು ತಿಂಗಳು ಕಾದೆ. ತಪ್ಪು ನನ್ನದೇ.

ಇನ್ನೊಂದು ವಿಷಯ ಗೊತ್ತಿರಲಿ: ಹೊಸ ಐಒಎಸ್‌ನಲ್ಲಿ ತೆಗೆದ ಬ್ಯಾಕಪ್ ಹಳೇದರಲ್ಲಿ ಕೂರುವುದಿಲ್ಲ. ಬ್ಯಾಕಪ್ ತೆಗೆಯುವುದಾದರೆ ಅಪ್‌ಡೇಟ್‌ಗೆ ಮೊದಲೇ ತೆಗೆಯಬೇಕು.

ಧಾರವಾಡದಿಂದ

ಎಲ್ಲರೂ ಬಹಳ ತಾಳ್ಮೆಯಿಂದ ಹೇಳುತ್ತಿದ್ದೀರಿ. ನನಗೆ ಅಷ್ಟು ತಾಳ್ಮೆ ಇಲ್ಲ. ಬೀಗ ಹಾಕಲಿ, ಬೇಡ ಅನ್ನಲ್ಲ. ಬಾಗಿಲು ದಾಟುವ ಮೊದಲು 'ಇದು ಒಳಗಡೆಯಿಂದ ತೆರೆಯಲ್ಲ' ಅಂತ ಒಂದು ಚೀಟಿ ಅಂಟಿಸಲು ಏನು ಕಷ್ಟ? 'ಹೊಸ ಸೌಲಭ್ಯಗಳು, ಉತ್ತಮ ಅನುಭವ' ಅಂತಷ್ಟೇ ಬರೆದಿರುತ್ತಾರೆ.

ಈ ಸಿಟ್ಟು ನನ್ನೊಬ್ಬನದಲ್ಲ. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಸ್ಯಾಮ್‌ಸಂಗ್‌ನವರು ತಮ್ಮ ಹಳೇ ನೋಟ್ 4 ಫೋನು ಇಟ್ಟುಕೊಂಡವರಿಗೆ ಹೊಸ ನೋಟ್ 7ಕ್ಕೆಂದು ಸಿದ್ಧವಾಗಿದ್ದ ಆಂಡ್ರಾಯ್ಡ್ ಹಾಕಿಕೊಳ್ಳಿ ಅಂತ ಮತ್ತೆ ಮತ್ತೆ ಹೇಳಿದ್ದರು, ಮೊದಲಿದ್ದ ಹಾಗೆ ಮಾಡಿಕೊಳ್ಳುವ ದಾರಿ ಕೊಟ್ಟಿರಲಿಲ್ಲ. ಬ್ಯಾಟರಿ ಹಳೇದಾದ ಐಫೋನ್‌ಗಳು ಅಪ್‌ಡೇಟ್ ಆದ ಮೇಲೆ ನಿಧಾನವಾಗುತ್ತವೆ ಅಂತ ಜನರಿಗೆ ತಿಳಿಸದೇ ಇದ್ದದ್ದಕ್ಕೆ 2020ರಲ್ಲಿ ಫ್ರಾನ್ಸ್ ಆ್ಯಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು.

ನಮ್ಮಲ್ಲೂ 2025ರ ಜನವರಿಯಲ್ಲಿ ಐಒಎಸ್ 18ರ ನಂತರದ ತೊಂದರೆಗಳ ಬಗ್ಗೆ ಗ್ರಾಹಕ ಸಹಾಯವಾಣಿಗೆ ದೂರು ಬಂದು ಆ್ಯಪಲ್‌ಗೆ ನೋಟಿಸ್ ಹೋಯಿತು. ಅದನ್ನು ತಿಳಿಸಿದ್ದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು, ನಮ್ಮ ಧಾರವಾಡದ ಸಂಸದರೇ ಆದ ಪ್ರಲ್ಹಾದ ಜೋಶಿ. ಸಹಾಯವಾಣಿಯ ನಂಬರ್ 1915. ಅಪ್‌ಡೇಟ್ ಆದ ದಿನ, ಬಿಲ್ಡ್ ನಂಬರ್, ಬಿಲ್ಲು ಇಟ್ಟುಕೊಂಡು ಫೋನ್ ಮಾಡಿ. ನಾಳೆಯೇ ಸರಿಹೋಗುತ್ತದೆ ಅಂತಲ್ಲ. ಯಾರೂ ದೂರು ಕೊಡದಿದ್ದರೆ ಯಾರಿಗೂ ತೊಂದರೆಯೇ ಆಗಿಲ್ಲ ಅಂತ ಅವರ ಲೆಕ್ಕ.

ಶಿವಮೊಗ್ಗದಿಂದ

ಬ್ಯಾಟರಿ ಬಗ್ಗೆ ಮಾತ್ರ ಹೇಳುತ್ತೇನೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಎರಡು ಮೂರು ದಿನ ಫೋನು ಒಳಗೊಳಗೇ ದುಡಿಯುತ್ತಿರುತ್ತದೆ. ಆ್ಯಪ್‌ಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ಹೊಂದಿಸುವ ಕೆಲಸ. ಬಿಸಿಯೂ ಆಗುತ್ತದೆ. ನಿಮ್ಮದು ವಾರ ದಾಟಿದೆ, ಹಾಗಾಗಿ ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿಯಲ್ಲಿ ಯಾವ ಆ್ಯಪ್ ಜಾಸ್ತಿ ತಿನ್ನುತ್ತಿದೆ ನೋಡಿ. ನಮ್ಮ ಮನೆಯಲ್ಲಿ ಸಿಕ್ಕಿಬಿದ್ದದ್ದು ಒಂದು ಪಂಚಾಂಗದ ಆ್ಯಪ್! ರಾಹುಕಾಲ ನೋಡಲು ಹಾಕಿಕೊಂಡದ್ದು ಇಡೀ ದಿನ ಲೊಕೇಶನ್ ಕೇಳುತ್ತಾ ಕೂತಿತ್ತು. ಅದನ್ನು ತೆಗೆದ ಮೇಲೆ ರಾತ್ರಿಯವರೆಗೂ ಚಾರ್ಜ್ ಬರುತ್ತಿದೆ. ಮೂರು ವರ್ಷದ ಬ್ಯಾಟರಿ ಅಂದ ಮೇಲೆ ಬದಲಿಸುವ ಕಾಲವೂ ಬಂದಿರಬಹುದು.

ಬೆಳಗಾವಿಯಿಂದ, ಬ್ಯಾಂಕಿನಲ್ಲಿರುವವಳು

ಒಂದು ಬೇಡಿಕೆ. ಈ ಸಿಟ್ಟಿನಲ್ಲಿ ಎಲ್ಲಾ ಅಪ್‌ಡೇಟ್ ನಿಲ್ಲಿಸಬೇಡಿ. ಸೆಕ್ಯುರಿಟಿ ಪ್ಯಾಚ್ (ಕಳ್ಳರು ನುಗ್ಗುವ ತೂತು ಮುಚ್ಚುವ ಅಪ್‌ಡೇಟ್) ಬೇರೆ, ಆಂಡ್ರಾಯ್ಡ್ 13 ಇದ್ದದ್ದು 14 ಆಗುವುದು ಬೇರೆ. ಮೊದಲನೆಯದು ಹಾಕಿಕೊಳ್ಳಿ. ಎರಡನೆಯದಕ್ಕೆ ಒಂದು ತಿಂಗಳು ಕಾಯಿರಿ, ಅಷ್ಟರಲ್ಲಿ ಅದೇ ಮಾಡೆಲ್ ಇರುವವರ ಗೋಳು ಕಿವಿಗೆ ಬಿದ್ದಿರುತ್ತದೆ. ರಾತ್ರೋರಾತ್ರಿ ತಾನೇ ಆಗದಂತೆ ಮಾಡಲು ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ. ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ 'ಸ್ವಯಂಚಾಲಿತ ಸಿಸ್ಟಮ್ ಅಪ್‌ಡೇಟ್' ಇದ್ದರೆ ಆಫ್ ಮಾಡಿ. ಉಳಿದದ್ದನ್ನು ಮುಟ್ಟಬೇಡಿ. ಕೆಲವು ಕಂಪನಿಗಳು ಇದನ್ನು ಅಪ್‌ಡೇಟ್ ಪುಟದಲ್ಲೇ ಬೇರೆ ಹೆಸರಲ್ಲಿ ಇಟ್ಟಿರುತ್ತವೆ, ಅಲ್ಲೂ ನೋಡಿ.

ಕೇಳಿದವನೇ, ನಾಲ್ಕು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಿಗೇ ಹೋಗಿ ಬಂದೆ. ಮೂರು ಚುಕ್ಕಿ ಒತ್ತಿದೆ, ಹಸಿರು ಗುಂಡಿ ವಾಪಸು ಬಂತು. ಕೀಬೋರ್ಡೂ ಸರಿಹೋಯಿತು. ಕಲಿಸಿದ ಪದಗಳು ಹೋದವು ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ಅಂಗಡಿಗೂ ಹೋಗಿದ್ದೆ. ಹುಬ್ಬಳ್ಳಿಯವರು ಹೇಳಿದ ಹಾಗೆ ಬಿಲ್ಡ್ ನಂಬರ್ ಬರೆದುಕೊಡಿ ಅಂದೆ. "ಅದೆಲ್ಲಾ ನಿಮಗ್ಯಾಕೆ ಸಾರ್" ಅಂದರು. ಎದ್ದು ಬಂದೆ.

ಬ್ಯಾಟರಿ ಈಗ ಸಂಜೆ ಐದರವರೆಗೆ ಬರುತ್ತದೆ. ಕ್ಯಾಮೆರಾ ಮಾತ್ರ ಹಾಗೇ ಇದೆ, ಅದು ಸಿಸ್ಟಮ್‌ದೇ ಇರಬೇಕು. ಅಮ್ಮ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮೊದಲು ಕ್ಯಾಮೆರಾ ತೆರೆದಿಟ್ಟುಕೊಂಡು ಆಮೇಲೆ ಮೊಮ್ಮಗಳನ್ನು ಕರೆಯುತ್ತಾರೆ. ನಾನು ಹೊರಡುವ ಹೊತ್ತಿಗೆ ಪರದೆ ಮೇಲೆ ಇನ್ನೊಂದು ಸಂದೇಶ ಬಂತು, ರಾತ್ರಿ 2ರಿಂದ 4ರ ನಡುವೆ ಅಪ್‌ಡೇಟ್ ಮಾಡಲೇ ಅಂತ. ತೆರೆದು ನೋಡಿದೆ, ಸೆಕ್ಯುರಿಟಿ ಪ್ಯಾಚ್ ಅಷ್ಟೇ. ಫೋಟೋ ಎಲ್ಲಾ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಸ್ಸಿಗೆ ಲೇಟಾದರೂ ಪರವಾಗಿಲ್ಲ ಅಂತ ಕೂತು, ಎದುರಿಗೇ ಮಾಡಿಸಿ ಬಂದೆ.